ಅಳು ಶುರುವಾಗುವ ಮೊದಲೇ ಗಾಡಿ ನಿಲ್ಲಲಿ

ಪ್ರಶ್ನೆ: ನಮಗಿಬ್ಬರು ಮಕ್ಕಳು. ಮಗಳಿಗೆ 7 ವರ್ಷ, ಮಗನಿಗೆ ಎರಡೂವರೆ. ಮುಂದಿನ ತಿಂಗಳು 620 ಕಿ.ಮೀ. ದೂರಕ್ಕೆ ನಮ್ಮ ಐದು ಸೀಟಿನ ಕಾರಿನಲ್ಲೇ ಹೋಗಬೇಕಾಗಿದೆ. ಮ್ಯಾಪ್ 10 ಗಂಟೆ ತೋರಿಸುತ್ತಿದೆ. ಹೋದ ಸಲ ಮಗಳು ನಾಲ್ಕು ಬಾರಿ ವಾಂತಿ ಮಾಡಿಕೊಂಡಳು. ಮಗ ಚೈಲ್ಡ್ ಸೀಟಿನಲ್ಲಿ ಕೂರಲೊಲ್ಲದೆ ಅತ್ತೂ ಅತ್ತೂ ಕೊನೆಗೆ ನನ್ನ ಮಡಿಲಿಗೇ ಬಂದ. ರಾತ್ರಿ ಹೊರಟುಬಿಡಿ, ಮಕ್ಕಳು ಮಲಗಿಕೊಳ್ಳುತ್ತವೆ, ಬೆಳಗಾಗುವಷ್ಟರಲ್ಲಿ ಊರು ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದಾರೆ. ಮೂರು ತಿಂಗಳ ಕೂಸಿನೊಂದಿಗೆ ನಾದಿನಿಯೂ ಜೊತೆಗೆ ಬರುತ್ತೇನೆ ಅನ್ನುತ್ತಿದ್ದಾಳೆ. ಏನು ಮಾಡುವುದು?

ಉತ್ತರ: ಮೊದಲು ತಲೆ ಎಣಿಸಿ. ನೀವಿಬ್ಬರು, ನಾದಿನಿ, ಮೂರು ಮಕ್ಕಳು, ಒಟ್ಟು ಆರು. ಕಾರಿನಲ್ಲಿರುವ ಬೆಲ್ಟ್ ಐದು. ಮೂರು ತಿಂಗಳ ಕೂಸನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವಂತಿಲ್ಲ, ಅದಕ್ಕೆ ಎಲ್ಲರಿಗಿಂತ ಹೆಚ್ಚು ಜಾಗ ಬೇಕು, ಏಕೆಂದರೆ ಹಿಂದಕ್ಕೆ ಮುಖ ಮಾಡುವ ಸೀಟು ಅಡ್ಡಗಲಕ್ಕೂ ಉದ್ದಕ್ಕೂ ಜಾಗ ತಿನ್ನುತ್ತದೆ. ಜೊತೆಗೆ ಅಷ್ಟು ಸಣ್ಣ ಕೂಸಿನ ಕತ್ತಿಗೆ ಬಲ ಇರುವುದಿಲ್ಲ. ಸೀಟಿನಲ್ಲಿ ತುಂಬಾ ಹೊತ್ತು ಅರೆ ಕುಳಿತಂತೆ ಮಲಗಿದರೆ ಗದ್ದ ಎದೆಗೆ ತಾಗಿ ಉಸಿರಿನ ದಾರಿ ಕಿರಿದಾಗಬಹುದು. ಹಾಗಾಗಿ ಗರಿಷ್ಠ ಎರಡು ಗಂಟೆಗೊಮ್ಮೆ ಸೀಟಿನಿಂದ ಎತ್ತಿ, ಸಮತಟ್ಟಾದ ಜಾಗದಲ್ಲಿ ಸ್ವಲ್ಪ ಹೊತ್ತು ಮಲಗಿಸಬೇಕು, ಹಾಲು ಕುಡಿಸಬೇಕು. ನಿಮ್ಮ ಮಕ್ಕಳ ಹೊತ್ತು ಬೇರೆ, ಅದರ ಹೊತ್ತು ಬೇರೆ. ನಾದಿನಿಗೆ ಬೇರೆ ಗಾಡಿಯ ಅಥವಾ ರೈಲಿನ ವ್ಯವಸ್ಥೆ ಮಾಡಿ. ಇದು ನಿಷ್ಠುರ ಅನ್ನಿಸಬಹುದು, ಆದರೆ ಇದನ್ನು ಹೊರಡುವ ದಿನ ಬೆಳಿಗ್ಗೆ ಹೇಳುವುದಕ್ಕಿಂತ ಈಗಲೇ ಹೇಳುವುದು ಮೇಲು.

ಇನ್ನು ಉಳಿದ ನಾಲ್ವರ ವಿಷಯ. ಮ್ಯಾಪ್ ತೋರಿಸುವ 10 ಗಂಟೆ ಚಕ್ರ ಉರುಳುವ ಹೊತ್ತು ಮಾತ್ರ. ಎರಡು ಗಂಟೆಗೊಂದರಂತೆ ನಾಲ್ಕು ನಿಲುಗಡೆ ಬೇಕಾಗುತ್ತದೆ. ಅವುಗಳಲ್ಲಿ ಒಂದು ಊಟದ್ದು, ಒಂದು ಗಂಟೆ. ಉಳಿದ ಮೂರು ತಲಾ 20 ನಿಮಿಷ. ಲೆಕ್ಕಕ್ಕಿಲ್ಲದ ನಿಲುಗಡೆಗಳಿಗೆ ಅರ್ಧ ಗಂಟೆ ಸೇರಿಸಿ. ಒಟ್ಟು ಹನ್ನೆರಡೂವರೆ ಗಂಟೆ. ಎರಡೂವರೆ ವರ್ಷದ ಮಗು ದಿನಕ್ಕೆ ಎಚ್ಚರವಿರುವುದೇ ಹೆಚ್ಚುಕಡಿಮೆ ಹನ್ನೆರಡು ಗಂಟೆ. ಅಂದರೆ ಅದರ ಇಡೀ ದಿನವನ್ನು ಸೀಟಿಗೆ ಕಟ್ಟಿಹಾಕಿದಂತೆ. ಎರಡು ದಿನ ಮಾಡಿ. ಆದರೆ ಅರ್ಧರ್ಧ ಹಂಚಬೇಡಿ. ಎರಡನೆಯ ದಿನ ಮಕ್ಕಳ ತಾಳ್ಮೆ ಮೊದಲ ದಿನದ ಅರ್ಧಕ್ಕೆ ಇಳಿದಿರುತ್ತದೆ. ಹಾಗಾಗಿ ಮೊದಲ ದಿನ 370 ಕಿ.ಮೀ., ಎರಡನೆಯ ದಿನ 250.

ರಾತ್ರಿ ಪ್ರಯಾಣ ಬೇಡ. ಮಕ್ಕಳು ಮಲಗುತ್ತವೆ ಎನ್ನುವುದು ನಿಜ, ಆದರೆ ಆ ಹೊತ್ತಿಗೆ ಮಲಗಬೇಕು ಅಂತ ಚಾಲಕನ ದೇಹವೂ ಹಟ ಹಿಡಿಯುತ್ತದೆ. ರಾತ್ರಿ 2ರಿಂದ ಬೆಳಗಿನ 6ರವರೆಗೆ ಎಚ್ಚರ ತೀರಾ ಕೆಳಕ್ಕಿಳಿದಿರುತ್ತದೆ. ಬೆಳಿಗ್ಗೆ 6ಕ್ಕೆ ಎದ್ದು ದಿನದ ಕೆಲಸ ಮುಗಿಸಿ ರಾತ್ರಿ 9ಕ್ಕೆ ಹೊರಟವರಿಗೆ 11ಕ್ಕೆ ಎಚ್ಚರವಾಗಿದ್ದು 17 ಗಂಟೆ ತುಂಬುತ್ತದೆ. ಆ ಸ್ಥಿತಿಯಲ್ಲಿ ಕೈಕಾಲಿನ ಚುರುಕು, ರಕ್ತದಲ್ಲಿ 0.05 ಶೇಕಡ ಮದ್ಯಸಾರ ಇದ್ದವರ ಮಟ್ಟಕ್ಕೆ ಇಳಿದಿರುತ್ತದೆ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 25 ಮೀಟರ್ ಓಡುತ್ತದೆ, ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ 100 ಮೀಟರ್ ಹೋಯಿತು. ಕಿಟಕಿ ಇಳಿಸುವುದು, ಜೋರಾಗಿ ಹಾಡು ಹಾಕುವುದು, ಮುಖಕ್ಕೆ ನೀರು ಹಾಕಿಕೊಳ್ಳುವುದು ಇವೆಲ್ಲ ಕೆಲವು ನಿಮಿಷದ ಆಟ. ತೂಕಡಿಕೆಗೆ ಸ್ವಲ್ಪವಾದರೂ ಕೆಲಸ ಮಾಡುವುದು ಒಂದೇ: ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಕಾಫಿ ಕುಡಿದು, ತಕ್ಷಣವೇ 15ರಿಂದ 20 ನಿಮಿಷ ಮಲಗುವುದು. ಕಾಫಿಯ ಕೆಲಸ ಶುರುವಾಗಲು ಅರ್ಧ ಗಂಟೆ ಬೇಕು, ಅಷ್ಟರಲ್ಲಿ ನಿದ್ದೆಯೂ ಆಗಿರುತ್ತದೆ. ಅದೂ ರಾತ್ರಿಯ ನಿದ್ದೆಗೆ ಬದಲಿಯಾಗುವುದಿಲ್ಲ.

ಬದಲಿಗೆ ಬೆಳಗಿನ 5ಕ್ಕೆ ಹೊರಡಿ. ಹಿಂದಿನ ರಾತ್ರಿ 9:30ಕ್ಕೆ ಗಾಡಿ ಓಡಿಸುವವರು ಮಲಗಿರಬೇಕು, ಪ್ಯಾಕಿಂಗ್ ಸಂಜೆಯೇ ಮುಗಿದಿರಬೇಕು. ಮಕ್ಕಳನ್ನು ಅರೆನಿದ್ದೆಯಲ್ಲೇ ಮೂತ್ರ ಮಾಡಿಸಿ ಸೀಟಿಗೆ ಕೂರಿಸಿದರೆ 7ರವರೆಗೆ ಮಲಗುತ್ತವೆ. 7ಕ್ಕೆ ತಿಂಡಿಗೆ 45 ನಿಮಿಷ. 7:45ರಿಂದ 9:45ರವರೆಗೆ ಓಟ, 20 ನಿಮಿಷ ನಿಲುಗಡೆ, ಮತ್ತೆ 10:05ರಿಂದ 12:05. ಆರು ಗಂಟೆಯ ಓಟ ಮುಗಿಯಿತು. ಮಧ್ಯೆ ಅರ್ಧ ಗಂಟೆ ಹೋಯಿತು ಅಂದುಕೊಂಡರೂ 12:35ಕ್ಕೆ ತಂಗುವ ಜಾಗದಲ್ಲಿರುತ್ತೀರಿ. ಊಟವಾಗಿ ಮಗ ತನ್ನ ಮಧ್ಯಾಹ್ನದ ನಿದ್ದೆಯನ್ನು ಹಾಸಿಗೆಯಲ್ಲೇ ಮಾಡುತ್ತಾನೆ, ಸಂಜೆಯಿಡೀ ಆಡಲು ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಧ್ಯಾಹ್ನ 2ರಿಂದ 4ರವರೆಗೆ ಬರುವ ಎರಡನೆಯ ತೂಕಡಿಕೆಯ ಹೊತ್ತಿನಲ್ಲಿ ನೀವು ರಸ್ತೆಯ ಮೇಲೆ ಇರುವುದೇ ಇಲ್ಲ. ತಂಗುವ ಕೋಣೆ 12ಕ್ಕೆ ಸಿಗುತ್ತದೋ 2ಕ್ಕೋ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಈ ಯೋಜನೆ ಕೆಡುವುದು ಹೆಚ್ಚಾಗಿ ಇಲ್ಲೇ.

ಈಗ ನಿಲುಗಡೆಯ ಬಗ್ಗೆ, ಏಕೆಂದರೆ ನಿಮ್ಮ ಹೋದ ಸಲದ ಪ್ರಯಾಣ ಹಾಳಾದದ್ದು ಬಹುಶಃ ಇದರಿಂದಲೇ. ಹೆಚ್ಚಿನವರು ಮಗು ಅತ್ತಾಗ ನಿಲ್ಲಿಸುತ್ತಾರೆ. ಮಲಗಿದೆಯಲ್ಲ, ಸುಮ್ಮನಿದೆಯಲ್ಲ, ಇನ್ನೊಂದರ್ಧ ಗಂಟೆ ಓಡಿಸೋಣ ಅನ್ನುತ್ತಾರೆ. ಹೀಗೆ ಮೂರು ಗಂಟೆ ಕಳೆದ ಮೇಲೆ ಅಳು ಶುರುವಾಗುತ್ತದೆ. ಆಗ ನಿಲ್ಲಿಸಿದರೆ ಮಗು ಕಲಿಯುವ ಪಾಠ ಒಂದೇ, ಅತ್ತರೆ ಗಾಡಿ ನಿಲ್ಲುತ್ತದೆ, ಜೋರಾಗಿ ಅತ್ತರೆ ಅಮ್ಮನ ಮಡಿಲೂ ಸಿಗುತ್ತದೆ. ಗಡಿಯಾರ ನೋಡಿ ನಿಲ್ಲಿಸಿ. ಎಚ್ಚರವಿರುವ ಎರಡೂವರೆ ವರ್ಷದ ಮಗುವಿಗೆ 90 ನಿಮಿಷಕ್ಕೊಮ್ಮೆ ಆದರೂ ತಪ್ಪಿಲ್ಲ. ಮಲಗಿದ್ದರೆ ಅವನಿಗಾಗಿ ನಿಲ್ಲಿಸಬೇಕಿಲ್ಲ, ಆದರೆ ಚಾಲಕನಿಗಾಗಿ ಎರಡು ಗಂಟೆಯ ಗೆರೆ ದಾಟಬೇಡಿ.

ನಿಂತ 20 ನಿಮಿಷವನ್ನು ಹೀಗೆ ಬಳಸಿ: ಇಳಿದ ಕೂಡಲೇ ಶೌಚಾಲಯ, ಆಮೇಲೆ ನೀರು, ಆಮೇಲೆ ಹತ್ತು ನಿಮಿಷ ಓಟ, ಜಿಗಿತ. ಮೇಜಿನ ಮುಂದೆ ಕುಳಿತು ತಿನ್ನುವುದು ಮಕ್ಕಳ ಮಟ್ಟಿಗೆ ವಿರಾಮವೇ ಅಲ್ಲ, ಒಂದು ಕುರ್ಚಿಯಿಂದ ಇನ್ನೊಂದು ಕುರ್ಚಿಗೆ ಹೋದಂತೆ. ಮೂತ್ರಕ್ಕೆ ನಿಲ್ಲಿಸಬೇಕಾಗುತ್ತದೆ ಎಂದು ನೀರು ಕಡಿಮೆ ಕೊಡುವ ಅಭ್ಯಾಸ ಹಲವರಲ್ಲಿದೆ. ಅದರ ಫಲ ಮರುದಿನ ತಲೆನೋವು, ಮಲಬದ್ಧತೆ, ಕಿರಿಕಿರಿ. ಮಗನಿಗೆ ಮಡಚುವ ಸಣ್ಣ ಟಾಯ್ಲೆಟ್ ಪಾಟಿ ಮತ್ತು ಅದಕ್ಕೆ ಹಾಕುವ ಚೀಲ ಡಿಕ್ಕಿಯಲ್ಲಿ ಮೇಲೇ ಇರಲಿ, ಅಪರಿಚಿತ ಶೌಚಾಲಯಕ್ಕೆ ಹೆದರಿ ತಡೆಹಿಡಿಯುವ ಮಕ್ಕಳು ಬಹಳ. ಇಳಿಯುವಾಗ ಗಾಡಿಗಳು ಓಡಾಡದ ಕಡೆಯ ಬಾಗಿಲು. ಯಾವ ಮಗುವಿನ ಕೈ ಯಾರ ಕೈಯಲ್ಲಿ ಎಂದು ಮೊದಲೇ ಹಂಚಿಕೊಳ್ಳಿ, ಇಬ್ಬರೂ ಇದ್ದಾಗಲೇ ‘ನೀನು ನೋಡುತ್ತಿದ್ದೀಯ ಅಂದುಕೊಂಡೆ’ ಅನ್ನುವ ಅನಾಹುತ ಆಗುವುದು. ಮಲಗಿರುವ ಮಗುವನ್ನು ಎರಡೇ ನಿಮಿಷ ಎಂದು ಮುಚ್ಚಿದ ಕಾರಿನಲ್ಲಿ ಬಿಡಲೇಬಾರದು. ಬಿಸಿಲಿನಲ್ಲಿ ಹತ್ತು ನಿಮಿಷಕ್ಕೇ ಒಳಗಿನ ತಾಪ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಮಗುವಿನ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಗಾಜು ಎರಡು ಬೆರಳಷ್ಟು ಇಳಿಸಿದರೂ ದೊಡ್ಡ ವ್ಯತ್ಯಾಸವಾಗುವುದಿಲ್ಲ.

ಮಡಿಲಿನ ವಿಷಯಕ್ಕೆ ಬಂದರೆ, ಇದರಲ್ಲಿ ರಾಜಿ ಇಲ್ಲ. ಗಂಟೆಗೆ 50 ಕಿ.ಮೀ. ವೇಗದ ಗಾಡಿ ಡಿಕ್ಕಿಯಾಗಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 12 ಕೆ.ಜಿ. ಮಗುವನ್ನು ಹಿಡಿದಿಡಲು ಸುಮಾರು 170 ಕೆ.ಜಿ. ಎತ್ತುವಷ್ಟು ಬಲ ಬೇಕು. ಯಾರ ತೋಳಿಗೂ ಅದು ಸಾಧ್ಯವಿಲ್ಲ. ಒಂದೇ ಬೆಲ್ಟಿನೊಳಗೆ ತಾಯಿ, ಮಗು ಇಬ್ಬರೂ ಕುಳಿತರೆ ಇನ್ನೂ ಕೆಡುಕು, ಬೆಲ್ಟಿಗೂ ನಿಮ್ಮ ಮೈಗೂ ನಡುವೆ ಮಗು ಅಪ್ಪಚ್ಚಿಯಾಗುತ್ತದೆ.

ಹಾಗಾದರೆ ಅವನು ಸೀಟಿನಲ್ಲಿ ಅಳುವುದೇಕೆ? ಹಟ ಎಂದು ತೀರ್ಮಾನಿಸುವ ಮೊದಲು ಸೀಟನ್ನೇ ಪರೀಕ್ಷಿಸಿ. ಪಟ್ಟಿ ತಿರುಚಿಕೊಂಡಿದೆಯೇ? ಮುಂದಕ್ಕೆ ಮುಖವಿರುವ ಸೀಟಿನಲ್ಲಿ ಭುಜದ ಪಟ್ಟಿ ಹೊರಬರುವ ಸೀಳು ಅವನ ಭುಜದ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಮೇಲೆ ಇರಬೇಕು. ಬೆಳೆದ ಮಗುವಿಗೆ ಅದು ಕೆಳಗಾಗಿ ಭುಜ ಒತ್ತುತ್ತದೆ. ಹಿಂದಕ್ಕೆ ಮುಖವಿದ್ದರೆ ತದ್ವಿರುದ್ಧ, ಭುಜದ ಮಟ್ಟಕ್ಕೆ ಅಥವಾ ಕೆಳಗೆ. ಬಿಸಿಲಿಗೆ ಬಕಲ್‌ನ ಲೋಹ ಕಾದು ತೊಡೆ ಚುರ್ ಅಂದಿರಬಹುದು, ಗಾಡಿ ನಿಲ್ಲಿಸಿದಾಗಲೆಲ್ಲ ಅದರ ಮೇಲೆ ತೆಳು ಬಟ್ಟೆ ಹಾಕಿ. ಪಕ್ಕದ ಗಾಜಿನಿಂದ ಕಣ್ಣಿಗೆ ಬಿಸಿಲು ಹೊಡೆಯುತ್ತಿದ್ದರೆ ಮೆತ್ತನೆಯ ಬಲೆಯ ಪರದೆ ಸಾಕು, ಗಟ್ಟಿ ಸರಳಿನ ಪರದೆ ಅಪಘಾತದಲ್ಲಿ ಕಳಚಿ ಬಡಿಯುತ್ತದೆ.

ಬಿಗಿ ನೋಡಲು ಎರಡು ಪರೀಕ್ಷೆ. ಸೀಟನ್ನು ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿ, ಎರಡೂವರೆ ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು. ತುದಿ ಹಿಡಿದು ಅಲ್ಲಾಡಿಸಿದರೆ ಎಲ್ಲ ಸೀಟೂ ಅಲ್ಲಾಡುತ್ತದೆ, ಅದು ಲೆಕ್ಕಕ್ಕಿಲ್ಲ. ಎರಡನೆಯದು, ಮಗುವಿನ ಭುಜದ ಮೇಲಿನ ಪಟ್ಟಿಯನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಉದ್ದುದ್ದಕ್ಕೆ ಚಿವುಟಲು ನೋಡಿ. ಮಡಿಕೆ ಕೈಗೆ ಸಿಕ್ಕಿದರೆ ಸಡಿಲ. ದಪ್ಪ ಸ್ವೆಟರ್ ತೊಡಿಸಿ ಕಟ್ಟಿದರೆ ಪಟ್ಟಿ ಬಿಗಿಯಾಗಿದೆ ಅನ್ನಿಸಿದರೂ ಒಳಗೆ ಸಡಿಲವೇ. ಪಟ್ಟಿ ಕಟ್ಟಿ, ಸ್ವೆಟರನ್ನು ಮೇಲಿನಿಂದ ಹೊದಿಸಿ. ಸೀಟಿನ ತೂಕ, ಎತ್ತರದ ಮಿತಿಯೊಳಗೆ ಇರುವವರೆಗೂ ಹಿಂದಕ್ಕೆ ಮುಖವಾಗಿಯೇ ಕೂರಿಸುವುದು ಕತ್ತಿಗೆ ಕ್ಷೇಮ. ಆರ್129 ಎಂಬ ವಿಶ್ವಸಂಸ್ಥೆಯ ನಿಯಮದ ಸೀಟುಗಳಲ್ಲಿ 15 ತಿಂಗಳವರೆಗೆ ಅದು ಕಡ್ಡಾಯ, ಆಮೇಲೂ ಒಳ್ಳೆಯದೇ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಮಾತ್ರ ಹಿಂದಕ್ಕೆ ಮುಖದ ಸೀಟನ್ನು ಎಂದಿಗೂ ಇಡಬೇಡಿ.

ಸೀಟಿನಲ್ಲಿ ತಪ್ಪಿಲ್ಲ, ಆದರೂ ಅಳುತ್ತಾನೆ ಎಂದರೆ ಉಳಿದಿರುವ ಒಂದು ತಿಂಗಳು ಅಭ್ಯಾಸಕ್ಕೆ ಸಾಕು. ದಿನವೂ ಹತ್ತು ಹದಿನೈದು ನಿಮಿಷದ ಸಣ್ಣ ಓಡಾಟ. ಎಲ್ಲರ ಬೆಲ್ಟ್ ಬೀಳುವವರೆಗೆ ಗಾಡಿ ಕದಲುವುದಿಲ್ಲ. ಮಧ್ಯದಲ್ಲಿ ಬಿಚ್ಚಿಕೊಂಡರೆ ಬಯ್ಯದೆ, ಮುದ್ದಿಸದೆ, ಪಕ್ಕಕ್ಕೆ ನಿಲ್ಲಿಸಿ ಕಟ್ಟಿ ಹೊರಡಿ. ಒಮ್ಮೆ ಮಡಿಲಿಗೆ ಎತ್ತಿಕೊಂಡರೂ ಹಿಂದಿನ ಹತ್ತು ದಿನದ ಅಭ್ಯಾಸ ನೀರಿನಲ್ಲಿ ಹೋಮ.

ಮಗಳಿಗೆ ಏಳು ವರ್ಷವಾದರೂ ಬರೀ ಕಾರಿನ ಬೆಲ್ಟ್ ಸಾಲದು. ಎತ್ತರ ಸುಮಾರು 145 ಸೆಂ.ಮೀ. ಆಗುವವರೆಗೆ ಬೂಸ್ಟರ್, ಅಂದರೆ ಮಗುವನ್ನು ಎತ್ತರಿಸಿ ಕೂರಿಸುವ ಸೀಟು ಬೇಕು, ಇಲ್ಲದಿದ್ದರೆ ಸೊಂಟದ ಪಟ್ಟಿ ತೊಡೆಯ ಬುಡದಲ್ಲಿ ಕೂರದೆ ಹೊಟ್ಟೆಯ ಮೇಲೆ ಏರುತ್ತದೆ. ಬೆನ್ನು, ಕಿವಿಯಿರುವ ಎತ್ತರದ ಬೂಸ್ಟರ್ ಆದರೆ ಮಲಗಿದಾಗಲೂ ತಲೆ ಪಕ್ಕಕ್ಕೆ ಜಾರುವುದಿಲ್ಲ. ಕತ್ತಿಗೆ ತಾಗುತ್ತದೆ ಎಂದು ಭುಜದ ಪಟ್ಟಿಯನ್ನು ಕಂಕುಳ ಕೆಳಗೆ ಹಾಕಿಕೊಳ್ಳಲು ಬಿಡಬೇಡಿ.

ಅವಳ ವಾಂತಿಯ ಕಾರಣ ಹೊಟ್ಟೆಯಲ್ಲಿಲ್ಲ. ಒಳಕಿವಿಯ ಸಮತೋಲನದ ಅಂಗ ‘ಚಲಿಸುತ್ತಿದ್ದೇವೆ’ ಅನ್ನುತ್ತದೆ, ಮುಂದಿನ ಸೀಟಿನ ಬೆನ್ನನ್ನೋ ಪುಸ್ತಕವನ್ನೋ ನೋಡುತ್ತಿರುವ ಕಣ್ಣು ‘ಇಲ್ಲ’ ಅನ್ನುತ್ತದೆ. ಈ ತಕರಾರಿಗೆ ಮಿದುಳು ಕೊಡುವ ಉತ್ತರವೇ ವಾಕರಿಕೆ. ಎರಡು ವರ್ಷಕ್ಕಿಂತ ಚಿಕ್ಕವರಲ್ಲಿ ಇದು ಅಪರೂಪ, 2ರಿಂದ 12ರವರೆಗೆ ಹೆಚ್ಚು. ಕಣ್ಣಿಗೆ ದೂರದ ರಸ್ತೆ ಕಾಣಿಸಿದರೆ ತಕರಾರು ಇಳಿಯುತ್ತದೆ. ಹಿಂದಿನ ನಡು ಸೀಟಿನಲ್ಲಿ ಭುಜದ ಪಟ್ಟಿಯೂ ಇರುವ ಮೂರು ಬಿಂದುಗಳ ಬೆಲ್ಟ್ ಇದ್ದು, ಬೂಸ್ಟರ್ ಗಟ್ಟಿಯಾಗಿ ಕೂತರೆ ಅವಳನ್ನು ಅಲ್ಲಿ ಕೂರಿಸಿ. ಬೂಸ್ಟರ್ ಎತ್ತರಿಸುವುದರಿಂದ ಹೊರಗಿನ ನೋಟವೂ ಸಿಗುತ್ತದೆ. ಪುಸ್ತಕ, ಮೊಬೈಲ್, ಬಣ್ಣ ತುಂಬುವುದು ತಿರುವಿನ ರಸ್ತೆಯಲ್ಲಿ ಬೇಡವೇ ಬೇಡ.

ಖಾಲಿ ಹೊಟ್ಟೆಯಲ್ಲಿ ಹೊರಡಿಸಿದರೆ ವಾಂತಿ ಬರುವುದಿಲ್ಲ ಎನ್ನುವುದು ತಪ್ಪು ಲೆಕ್ಕ. ಹಸಿವೂ ವಾಕರಿಕೆ ಹೆಚ್ಚಿಸುತ್ತದೆ. ಸ್ವಲ್ಪವೇ, ಎಣ್ಣೆ ಜಿಡ್ಡಿಲ್ಲದ್ದು, ಸಪ್ಪಗಿನದ್ದು ಕೊಡಿ. ಡ್ಯಾಶ್‌ಬೋರ್ಡಿನ ಸುಗಂಧದ ಬಾಟಲಿಯನ್ನು ಹೊರಡುವ ಒಂದು ವಾರ ಮೊದಲೇ ತೆಗೆದುಬಿಡಿ. ಎ.ಸಿ.ಯನ್ನು ಒಳಗಿನ ಗಾಳಿಯೇ ಸುತ್ತುವಂತೆ ಇಟ್ಟಿದ್ದರೆ, ನಾಲ್ಕು ಜನರ ಉಸಿರಿಗೆ ಅರ್ಧ ಗಂಟೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿನ ಹಲವು ಪಟ್ಟಾಗುತ್ತದೆ. ಮಗಳಿಗೆ ತಲೆಭಾರ, ಚಾಲಕನಿಗೆ ಮಂಪರು. ಹೊರಗಾಳಿಯ ಬಟನ್ ಒತ್ತುವ ಕೆಲಸ ಮುಂದಿನ ಸೀಟಿನವರದ್ದು. ಇನ್ನು ಚಾಲಕರು ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಮುಟ್ಟದೆ ಹೋದರೆ ಅರ್ಧ ವಾಂತಿ ಅಲ್ಲೇ ತಪ್ಪುತ್ತದೆ.

ವಾಂತಿ ಹೇಳದೆ ಬರುವುದಿಲ್ಲ. ಮಾತಾಡುತ್ತಿದ್ದವಳು ಸುಮ್ಮನಾಗುತ್ತಾಳೆ, ಮೇಲಿಂದ ಮೇಲೆ ಆಕಳಿಸುತ್ತಾಳೆ, ಮುಖ ಬಿಳಿಚುತ್ತದೆ, ಮೇಲ್ದುಟಿಯ ಮೇಲೆ ಸಣ್ಣ ಬೆವರು, ಪದೇ ಪದೇ ಉಗುಳು ನುಂಗುತ್ತಾಳೆ. ಆಕಳಿಕೆ ಕಂಡಾಗಲೇ ನಿಲ್ಲಿಸಲು ಜಾಗ ಹುಡುಕಬೇಕು. ಇಳಿಸಿ, ನೆರಳಿನಲ್ಲಿ ನಿಲ್ಲಿಸಿ, ಐದು ಹತ್ತು ನಿಮಿಷ ದೂರದ್ದನ್ನು ನೋಡಲು ಹೇಳಿ. ‘ಇನ್ನೇನು ಬಂದೇಬಿಟ್ಟಿತು ಊರು’ ಎಂದು ಓಡಿಸಿದರೆ ಒಂದು ಗಂಟೆ ಸ್ವಚ್ಛತೆಗೇ ಹೋಗುತ್ತದೆ.

ಔಷಧಿಯ ಬಗ್ಗೆ ಮಕ್ಕಳ ವೈದ್ಯರನ್ನು ಈಗಲೇ ಕೇಳಿ, ಪ್ರಮಾಣ ತೂಕ, ವಯಸ್ಸಿನ ಮೇಲೆ ನಿಲ್ಲುತ್ತದೆ. ಡೈಮೆನ್‌ಹೈಡ್ರಿನೇಟ್‌ನಂಥ ಮಾತ್ರೆ ಹೊರಡುವ 30ರಿಂದ 60 ನಿಮಿಷ ಮೊದಲು ಹೊಟ್ಟೆ ಸೇರಿರಬೇಕು. ವಾಕರಿಕೆ ಶುರುವಾದ ಮೇಲೆ ಕೊಟ್ಟರೆ ಹೊಟ್ಟೆ ಅದನ್ನು ಸರಿಯಾಗಿ ಹೀರುವುದೇ ಇಲ್ಲ. ಇದರಿಂದ ಸಾಮಾನ್ಯವಾಗಿ ನಿದ್ದೆ ಬರುತ್ತದೆ, ಕೆಲವು ಮಕ್ಕಳಲ್ಲಿ ಉಲ್ಟಾ ಆಗಿ ಕುಣಿದಾಟ ಹೆಚ್ಚುತ್ತದೆ. ಯಾವ ಗುಂಪು ಎನ್ನುವುದು ಮನೆಯಲ್ಲೇ ಒಂದು ದಿನ ಗೊತ್ತಾಗಲಿ. ಮನೆಯಲ್ಲಿರುವ ಆಂಡನ್ಸೆಟ್ರಾನ್ ಸಿರಪ್ ಹೊಟ್ಟೆಯ ಸೋಂಕಿನ ವಾಂತಿಗೆ ಕೊಟ್ಟದ್ದು, ಪ್ರಯಾಣದ ವಾಕರಿಕೆಗೆ ಅದರ ಉಪಯೋಗ ಕಡಿಮೆ. ಪ್ರೊಮೆಥಜೀನ್ ಎರಡು ವರ್ಷದೊಳಗಿನವರಿಗೆ ನಿಷಿದ್ಧ, ಉಸಿರಾಟ ಕುಗ್ಗಿಸಬಹುದು. ಮಕ್ಕಳು ಮಲಗಲಿ ಎಂಬ ಒಂದೇ ಕಾರಣಕ್ಕೆ ಯಾವ ಔಷಧಿಯನ್ನೂ ಕೊಡಬಾರದು.

ವಾಂತಿಯಾದರೆ ತಕ್ಷಣ ಲೋಟಗಟ್ಟಲೆ ನೀರು ಕುಡಿಸಬೇಡಿ, ಮರುವಾಂತಿ ಖಚಿತ. ಹತ್ತು ನಿಮಿಷ ಬಿಟ್ಟು ಒಂದೆರಡು ನಿಮಿಷಕ್ಕೆ 5 ಮಿ.ಲೀ. ಎಂದರೆ ಒಂದು ಚಮಚದಂತೆ ಓ.ಆರ್.ಎಸ್. ಕೊಡಿ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಪೂರ್ತಿ ಹಾಕಬೇಕು. ಅಂದಾಜಿಗೆ ಅರ್ಧ ಪೊಟ್ಟಣ ಒಂದು ಲೋಟಕ್ಕೆ ಹಾಕಿದರೆ ಉಪ್ಪು ಎರಡು ಮೂರು ಪಟ್ಟಾಗಿ ಅಪಾಯ. ಅಳತೆಗೆ ಖಾಲಿ ಲೀಟರ್ ಬಾಟಲಿಯೊಂದು ಜೊತೆಗಿರಲಿ, ಕಲಸಿದ್ದನ್ನು 24 ಗಂಟೆಯ ಮೇಲೆ ಚೆಲ್ಲಿಬಿಡಿ.

ವಾಂತಿಯ ಸಾಮಾನು ಡಿಕ್ಕಿಯಲ್ಲಿದ್ದರೆ ಇಲ್ಲದಂತೆಯೇ. ಮುಂದಿನ ಸೀಟಿನವರ ಕಾಲ ಬಳಿ ಒಂದು ಚೀಲ: ತೂತಿಲ್ಲವೆಂದು ಊದಿ ನೋಡಿದ ನಾಲ್ಕು ಕವರು, ಮುಚ್ಚಳದ ಅಗಲ ಡಬ್ಬಿ, ಒದ್ದೆ ಬಟ್ಟೆ, ತಲಾ ಒಂದು ಜೊತೆ ಬಟ್ಟೆ, ಕೊಳೆಬಟ್ಟೆ ಕಟ್ಟಿಡಲು ಜಿಪ್ ಚೀಲ. ಕವರನ್ನು ಮಗನ ಕೈಗೆ ಸಿಗದಂತೆ ಇಡಿ. ಸೀಟು ಕೊಳೆಯಾಗದಿರಲಿ ಎಂದು ಮಕ್ಕಳ ಬೆನ್ನ ಹಿಂದೆ ದಪ್ಪ ಟವೆಲ್ ತುರುಕಬೇಡಿ, ಪಟ್ಟಿ ಸಡಿಲವಾಗುತ್ತದೆ.

ತಿನ್ನುವುದೆಲ್ಲ ನಿಂತಾಗಲೇ. ಓಡುವ ಗಾಡಿಯಲ್ಲಿ ನಾಲ್ಕು ವರ್ಷದೊಳಗಿನವರಿಗೆ ಕಡಲೆಬೀಜ, ಇಡೀ ದ್ರಾಕ್ಷಿ, ಗಟ್ಟಿ ಪೆಪ್ಪರಮೆಂಟು, ಪಾಪ್‌ಕಾರ್ನ್ ಕೊಡಬೇಡಿ. ಉಸಿರುಗಟ್ಟಿದ ಮಗು ಸದ್ದು ಮಾಡುವುದಿಲ್ಲ, ಮುಂದೆ ಕುಳಿತವರಿಗೆ ಗೊತ್ತೇ ಆಗುವುದಿಲ್ಲ. ಬೇಯಿಸಿ ತಂದ ಊಟ ಸಾಮಾನ್ಯ ತಾಪದಲ್ಲಿ ಎರಡು ಗಂಟೆ, 32 ಡಿಗ್ರಿ ದಾಟಿದ ಬಿಸಿಲಿನಲ್ಲಿ ಒಂದೇ ಗಂಟೆ.

ಬೇಜಾರಿಗೆ ಮದ್ದು ಕಡಿಮೆ ಸಾಮಾನು. ಎಲ್ಲ ಆಟಿಕೆ ಒಟ್ಟಿಗೆ ಕೊಟ್ಟರೆ ಅರ್ಧ ಗಂಟೆಗೆ ಎಲ್ಲವೂ ಹಳತು. ಪ್ರತಿ ನಿಲುಗಡೆಯ ನಂತರ ಒಂದು ತೆಗೆಯಿರಿ, ಹಿಂದಿನದ್ದನ್ನು ವಾಪಸ್ ಪಡೆಯಿರಿ. ಕೇಳುವ ಕತೆ ಇಬ್ಬರಿಗೂ ಆಗುತ್ತದೆ, ವಾಕರಿಕೆಯೂ ಇಲ್ಲ. ವೀಡಿಯೊ ಬೇಕೇ ಬೇಕೆಂದರೆ ನೇರ ರಸ್ತೆಯಲ್ಲಿ, ಕೊನೆಯ ಒಂದು ಗಂಟೆಗೆ, ಕಣ್ಣಿನ ಮಟ್ಟಕ್ಕೆ ಗಟ್ಟಿಯಾಗಿ ಸಿಕ್ಕಿಸಿ. ಆಟಿಕೆಗಳು ಮೆತ್ತಗಿರಲಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗಾಡಿ ಗಕ್ಕನೆ ನಿಂತರೆ ಸೀಟಿನ ಮೇಲೆ ಬಿದ್ದಿದ್ದ ನೀರಿನ ಬಾಟಲಿ, ಸುಮಾರು 10 ಮೀಟರ್ ಎತ್ತರದಿಂದ ಬಿದ್ದಷ್ಟು ರಭಸದಲ್ಲಿ ಬಡಿಯುತ್ತದೆ. ಇದೇ ಕಾರಣಕ್ಕೆ ಭಾರದ ಪೆಟ್ಟಿಗೆ ಡಿಕ್ಕಿಯ ತಳದಲ್ಲಿ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಇರಬೇಕು.

ಗಾಡಿಯ ಸರ್ವೀಸನ್ನು ಹೊರಡುವ ಹಿಂದಿನ ದಿನ ಮಾಡಿಸಬೇಡಿ, ಒಂದು ವಾರ ಮೊದಲು ಮಾಡಿಸಿ, ಏನಾದರೂ ಸಡಿಲ ಬಿಟ್ಟಿದ್ದರೆ ಊರೊಳಗೇ ಗೊತ್ತಾಗುತ್ತದೆ. ಟೈರಿನ ಗಾಳಿ ಗಾಡಿ ತಣ್ಣಗಿದ್ದಾಗಲೇ ನೋಡಬೇಕು. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಥವಾ ಕೈಪಿಡಿಯಲ್ಲಿ ಪೂರ್ತಿ ಲೋಡಿಗೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕ ಮಡಚಿ ಮಡಚಿ ಕಾದು ಸಿಡಿಯುತ್ತದೆ. ಸ್ಟೆಪ್ನಿಯ ಗಾಳಿಯನ್ನೂ ನೋಡಿ, ಮರೆಯುವುದು ಅದನ್ನೇ. ಟೈರಿನ ವಯಸ್ಸನ್ನೂ ನೋಡಿ, ಅದರ ಮೇಲೆ 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಹಿಂದಿನ ಬಾಗಿಲ ಚೈಲ್ಡ್ ಲಾಕ್, ಕಿಟಕಿ ಲಾಕ್ ಹಾಕಿ. ರಸ್ತೆ ಬದಿ ಗಾಡಿ ಕೆಟ್ಟು ನಿಂತರೆ ಮಕ್ಕಳನ್ನು ಒಳಗೆ ಕೂರಿಸಿ ಕಾಯಬೇಡಿ, ಟ್ರಾಫಿಕ್ ಇಲ್ಲದ ಕಡೆಯಿಂದ ಇಳಿಸಿ ತಡೆಗೋಡೆಯ ಆಚೆ ದೂರ ನಿಲ್ಲಿಸಿ.

ಹೊರಡುವ ಎರಡು ವಾರ ಮೊದಲು ಒಂದು ತಾಲೀಮು ಮಾಡಿ. ಬೆಳಗಿನ 5ಕ್ಕೆ ಹೊರಟು, ಅದೇ ಸೀಟು, ಅದೇ ಔಷಧಿ, ಅದೇ ಚೀಲದೊಂದಿಗೆ ಎರಡು ಗಂಟೆ ಓಡಿಸಿ, ತಿಂಡಿ ಮುಗಿಸಿ ವಾಪಸ್ ಬನ್ನಿ. ಮಗಳಿಗೆ ಎಷ್ಟನೇ ನಿಮಿಷಕ್ಕೆ ಆಕಳಿಕೆ ಬಂತು, ಮಗ ಎಷ್ಟನೇ ನಿಮಿಷಕ್ಕೆ ಪಟ್ಟಿ ಎಳೆಯತೊಡಗಿದ ಎಂದು ಬರೆದುಕೊಳ್ಳಿ. ಅವೆರಡರಲ್ಲಿ ಯಾವುದು ಚಿಕ್ಕದೋ ಅದರಲ್ಲಿ ಹತ್ತು ನಿಮಿಷ ಕಳೆಯಿರಿ. ನಿಮ್ಮ ಗಾಡಿಯ ನಿಲುಗಡೆಯ ಅಂತರ ಅಷ್ಟು. ಅದು 50 ನಿಮಿಷವೇ ಬಂದರೂ ಮೇಲಿನ ವೇಳಾಪಟ್ಟಿಗೆ ಎರಡು ಗಂಟೆ ಸೇರಿಸಿಕೊಂಡು ಹೊರಡಿ.